ಕೈಟ್ ರನ್ನರ್: ಅಮೀರ್‌ನ ಪಾಪ ತೀರಿತಾ?

ಬಾಲಂಗೋಚಿ:
ಖಾಲಿದ್ ಹುಸೇನಿ ಅವರ ‘ದಿ ಕೈಟ್ ರನ್ನರ್’ ಎರಡನೇ ಸಲ ಓದಿ ಮುಗಿಸಿದೆ. ಮೊದಲ ಸಲ ಓದಿದ್ದು ಕಾಲೇಜಿನಲ್ಲಿದ್ದಾಗ, ಫುಟ್‌ಪಾತಿನಲ್ಲಿ ಕೊಂಡ ಕಳ್ಳಪ್ರತಿ. ನಡುವೆ ಒಂದಿಷ್ಟು ಪುಟಗಳೇ ಇರಲಿಲ್ಲ. ಆದರೂ ಅತ್ತಿದ್ದೆ. ಈ ಸಲ ಎಲ್ಲ ಪುಟಗಳೂ ಇದ್ದವು, ಅಳು ಬರಲಿಲ್ಲ. ಸಿಟ್ಟು ಬಂತು. ಕಥೆ ಪೂರ್ತಿ ಬಿಚ್ಚಿಡುತ್ತೇನೆ, ಓದದವರು ಇಲ್ಲಿಗೇ ನಿಲ್ಲಿಸಿ.

ಕಾಬೂಲಿನ ಶ್ರೀಮಂತರ ಮನೆ. ಮಗ ಅಮೀರ್, ಪಶ್ತೂನ್. ಅದೇ ಕಾಂಪೌಂಡಿನ ಹಿಂದಿನ ಮಣ್ಣಿನ ಗುಡಿಸಿಲಲ್ಲಿ ಆಳು ಅಲಿ, ಅವನ ಮಗ ಹಸನ್. ಇವರು ಹಜಾರಾಗಳು. ಇಬ್ಬರು ಹುಡುಗರೂ ಒಟ್ಟಿಗೆ ಬೆಳೆದವರು. 1975ರ ಚಳಿಗಾಲದಲ್ಲಿ ಗಾಳಿಪಟದ ಸ್ಪರ್ಧೆಯಲ್ಲಿ ಅಮೀರ್ ಗೆಲ್ಲುತ್ತಾನೆ. ಕೊನೆಗೆ ಕತ್ತರಿಸಿ ಬಿದ್ದ ನೀಲಿ ಪಟವನ್ನು ಹಿಡಿದು ತರಲು ಹಸನ್ ಓಡುತ್ತಾನೆ. ಒಂದು ಓಣಿಯಲ್ಲಿ ಮೂವರು ಹುಡುಗರು ಅವನನ್ನು ಅಡ್ಡಗಟ್ಟುತ್ತಾರೆ. ಅಲ್ಲಿ ಅವನಿಗೆ ಆಗುವ ಅನ್ಯಾಯವನ್ನು ಅಮೀರ್ ಮರೆಯಿಂದ ನೋಡುತ್ತಾನೆ. ನೋಡಿ ಓಡಿಹೋಗುತ್ತಾನೆ.

ಎಲ್ಲರೂ ಈ ಓಣಿಯ ಬಗ್ಗೆಯೇ ಮಾತಾಡುತ್ತಾರೆ. ನನಗೆ ಅದನ್ನು ಕ್ಷಮಿಸಬಹುದು ಅನಿಸುತ್ತದೆ. ಹನ್ನೆರಡು ವರ್ಷದ ಹುಡುಗ, ಹೆದರಿದ. ನಾನೂ ಹೆದರುತ್ತಿದ್ದೆ. ಆದರೆ ಆಮೇಲೆ ಅವನು ಮಾಡಿದ್ದು ನೋಡಿ. ಹಸನ್ ಮುಖ ನೋಡಲಾಗದೆ, ತನ್ನ ಹುಟ್ಟುಹಬ್ಬಕ್ಕೆ ಬಂದ ಗಡಿಯಾರವನ್ನೂ ದುಡ್ಡನ್ನೂ ತಾನೇ ಒಯ್ದು ಹಸನ್‌ನ ಹಾಸಿಗೆ ಕೆಳಗೆ ಇಟ್ಟು, ಕಳ್ಳ ಅಂತ ಹೊರಿಸುತ್ತಾನೆ. ಅದು ಹೆದರಿಕೆ ಅಲ್ಲ. ಕೂತು ಯೋಚಿಸಿ ಮಾಡಿದ ಕೆಲಸ. ಹಸನ್ ‘ಹೌದು, ಕದ್ದೆ’ ಅಂದುಬಿಡುತ್ತಾನೆ. ಅಪ್ಪ ಮಗ ಮನೆ ಬಿಡುತ್ತಾರೆ.

ಇಷ್ಟೆಲ್ಲ ಆಗಿ, ಇಪ್ಪತ್ತಾರು ವರ್ಷದ ನಂತರ ಅಮೆರಿಕದಿಂದ ಬಂದು ಹಸನ್‌ನ ಮಗನನ್ನು ಕರೆದುಕೊಂಡು ಹೋದರೆ ಲೆಕ್ಕ ಚುಕ್ತಾ ಆಗುತ್ತದಾ? ನಿಮಗೇನನಿಸುತ್ತದೆ?

ಪತಂಗಪ್ಪ ಕಲಬುರಗಿ:
ಪಾಪ ಪುಣ್ಯ ನೀವು ನೋಡಿಕೊಳ್ಳಿ. ನಾನು ಪತಂಗದ ಬಗ್ಗೆ ಎರಡು ಮಾತು ಹೇಳುತ್ತೇನೆ. ಕೆಲವರಿಗೆ ಕಾಬೂಲಿನ ಪತಂಗ ಅಂದರೆ ನಮ್ಮ ಆಷಾಢದ ಬಾಲಂಗೋಚಿ ಪಟದ ಹಾಗೆ ಅನಿಸಿರಬಹುದು (ಹೆಸರಿಟ್ಟುಕೊಂಡವರು ಬೇಜಾರು ಮಾಡಿಕೊಳ್ಳಬೇಡಿ). ಅದು ಬೇರೆ ಜಾತಿ. ಬಾಲ ಇರುವುದಿಲ್ಲ. ಕಾಳಗದ ಪತಂಗ ಅದು. ದಾರಕ್ಕೆ ಗಾಜಿನ ಪುಡಿ, ಅಂಟು ಹಚ್ಚಿ ಒಣಗಿಸಬೇಕು. ನಾವು ಚಿಕ್ಕವರಿದ್ದಾಗ ಬಲ್ಬ್ ಒಡೆದು ಕುಟ್ಟಿ, ಅನ್ನದ ಗಂಜಿಯಲ್ಲಿ ಕಲೆಸಿ, ಎರಡು ಬೇವಿನ ಮರದ ನಡುವೆ ದಾರ ಕಟ್ಟಿ ಹಚ್ಚುತ್ತಿದ್ದೆವು. ಬೆರಳು ಕುಯ್ದರೆ ಅದೇ ಹೆಮ್ಮೆ. ಕಾದಂಬರಿಯಲ್ಲೂ ಮರಗಳ ನಡುವೆ ದಾರ ಕಟ್ಟಿ ಒಣಗಿಸುವುದು ಬರುತ್ತದೆ. ಅದನ್ನು ಓದಿ ನನಗೆ ನಮ್ಮ ಹಿತ್ತಲೇ ಕಂಡಿತು.

ಇನ್ನೊಂದು ವಿಷಯ. ಕಾಬೂಲಿನಲ್ಲಿ ಒಬ್ಬ ಪತಂಗ ಹಾರಿಸುತ್ತಾನೆ, ಇನ್ನೊಬ್ಬ ದಾರದ ಚರಕ ಹಿಡಿಯುತ್ತಾನೆ. ಅಮೀರ್ ಹಾರಿಸಿದ, ಹಸನ್ ಚರಕ ಹಿಡಿದ. ನಮ್ಮಲ್ಲೂ ಚರಕ ಹಿಡಿಯುವವನು ಯಾವಾಗಲೂ ಚಿಕ್ಕವನು, ಬಡವ, ಇಲ್ಲ ತಮ್ಮ. ಗೆದ್ದಾಗ ಅವನ ಹೆಸರು ಯಾರೂ ಹೇಳುವುದಿಲ್ಲ. ಎಳೆಯುವುದು, ಬಿಡುವುದು ಮೇಲಿನವನ ಕೈಯಲ್ಲಿ. ದಾರ ಸಿಕ್ಕಾದರೆ ಬೈಗುಳ ಮಾತ್ರ ಚರಕದವನಿಗೆ.

ಕಾಫಿಪುಡಿ:
ನನಗೆ ಹಜಾರಾ ಅಂದರೆ ಯಾರು ಅಂತಲೇ ಸರಿಯಾಗಿ ಗೊತ್ತಿರಲಿಲ್ಲ. ಎಲ್ಲರೂ ಮುಸ್ಲಿಮರೇ ಅಲ್ವಾ, ಮತ್ತೆ ಯಾಕೆ ಈ ಪಾಟಿ ದ್ವೇಷ? ಸುಮ್ನೆ ಕೇಳುತ್ತಿದ್ದೇನೆ, ಜಗಳಕ್ಕಲ್ಲ.

ಹಳೇಪುಸ್ತಕ:
ಒಳ್ಳೆಯ ಪ್ರಶ್ನೆ. ಪಶ್ತೂನರಲ್ಲಿ ಹೆಚ್ಚಿನವರು ಸುನ್ನಿ, ಹಜಾರಾಗಳಲ್ಲಿ ಹೆಚ್ಚಿನವರು ಶಿಯಾ. ಹಜಾರಾಗಳ ಮುಖಚಹರೆ ಮಧ್ಯ ಏಷ್ಯಾದವರದ್ದು. ಆದ್ದರಿಂದ ಬೀದಿಯಲ್ಲಿ ನೋಡಿದ ಕೂಡಲೇ ಗುರುತು ಸಿಗುತ್ತದೆ. ನಮ್ಮಲ್ಲಿ ಜಾತಿ ಕೇಳಿ ತಿಳಿಯಬೇಕು, ಅಲ್ಲಿ ಮುಖವೇ ಹೇಳಿಬಿಡುತ್ತದೆ. 1890ರ ದಶಕದಲ್ಲಿ ಆಗಿನ ದೊರೆ ಅಬ್ದುರ್ ರಹಮಾನ್ ಖಾನ್ ಹಜಾರಾಗಳ ದಂಗೆಯನ್ನು ತುಳಿದು ಹಾಕಿದ. ಸಾವಿರಾರು ಜನ ಸತ್ತರು, ಎಷ್ಟೋ ಜನ ಗುಲಾಮರಾಗಿ ಮಾರಾಟವಾದರು, ಜಮೀನು ಹೋಯಿತು. ಕಾಬೂಲಿನ ಮನೆಗಳಲ್ಲಿ ಆಳು, ಮಾರ್ಕೆಟ್ಟಿನಲ್ಲಿ ಹಮಾಲಿ ಅಂದರೆ ಹಜಾರಾ ಅನ್ನುವ ಸ್ಥಿತಿ ಬಂದಿದ್ದು ಹೀಗೆ. 1998ರ ಆಗಸ್ಟಿನಲ್ಲಿ ತಾಲಿಬಾನ್ ಮಜಾರ್-ಎ-ಶರೀಫ್ ಹಿಡಿದಾಗ ಹಜಾರಾಗಳನ್ನು ಹುಡುಕಿ ಹುಡುಕಿ ಕೊಂದರು. 2001ರಲ್ಲಿ ಬುದ್ಧನ ಮೂರ್ತಿಗಳನ್ನು ಒಡೆದರಲ್ಲ, ಆ ಬಾಮಿಯಾನ್ ಕೂಡ ಹಜಾರಾಗಳ ನಾಡೇ.

ಕಾದಂಬರಿಯಲ್ಲಿ ಅಮೀರ್ ಈ ಚರಿತ್ರೆಯನ್ನು ಓದುವುದು ಸ್ಕೂಲಿನಲ್ಲಲ್ಲ, ತೀರಿಹೋದ ಅಮ್ಮನ ಪುಸ್ತಕವೊಂದರಲ್ಲಿ. ಶಾಲೆಯ ಪಾಠದಲ್ಲಿ ಹಜಾರಾಗಳ ಮಾತು ಬಂದರೂ ಬರದ ಹಾಗೆ. ಈ ಒಂದು ವಿವರಕ್ಕೆ ನಾನು ಹುಸೇನಿಯವರಿಗೆ ನಮಸ್ಕಾರ ಹೇಳುತ್ತೇನೆ.

ದೇಶದ ಕಥೆ ಬೇಕಾದವರಿಗೆ ಚುಟುಕಾಗಿ: 1973ರಲ್ಲಿ ದೊರೆ ಜಾಹಿರ್ ಶಾ ಇಟಲಿಯಲ್ಲಿದ್ದಾಗ ಅವನ ಬಂಧು ದಾವೂದ್ ಖಾನ್ ಗದ್ದುಗೆ ಕಿತ್ತುಕೊಂಡ. 1978ರ ಏಪ್ರಿಲ್‌ನಲ್ಲಿ ಕಮ್ಯುನಿಸ್ಟರು ದಾವೂದನನ್ನು ಕೊಂದರು. 1979ರ ಡಿಸೆಂಬರ್‌ನಲ್ಲಿ ಸೋವಿಯತ್ ಸೇನೆ ಬಂತು, 1989ರಲ್ಲಿ ಹೋಯಿತು. 1996ರಲ್ಲಿ ಕಾಬೂಲ್ ತಾಲಿಬಾನ್ ಕೈಗೆ. ಅಮೀರ್ ಮತ್ತು ಅವನಪ್ಪ ಊರು ಬಿಡುವುದು 1981ರಲ್ಲಿ.

ಸಾಗರದಾಚೆ:
ನಾನಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್. ಅಮೀರ್, ಅವನ ಅಪ್ಪ ಬಂದು ಸೇರುವ ಊರು ಇದೇ. ಇಲ್ಲಿ ಒಂದು ಕಡೆಯನ್ನು ಜನ ‘ಲಿಟ್ಲ್ ಕಾಬೂಲ್’ ಅಂತಲೇ ಕರೆಯುತ್ತಾರೆ. ಉದ್ದನೆಯ ಆಫ್ಘನ್ ನಾನ್ ತರಲು ನಾವೂ ಅಲ್ಲಿಗೇ ಹೋಗುವುದು. ನಮ್ಮ ಹುಡುಗರಿಗೆ ಅದಕ್ಕೆ ಚಟ್ನಿಪುಡಿ ತುಪ್ಪ ಹಚ್ಚಿಕೊಡಬೇಕು.

ಕಾದಂಬರಿಯ ನಡುವಿನ ಭಾಗ ಬೋರು ಅಂತ ಕೆಲವರು ಹೇಳುತ್ತಾರೆ. ನನಗೆ ಅದೇ ಇಷ್ಟ. ಕಾಬೂಲಿನಲ್ಲಿ ಅನಾಥಾಶ್ರಮ ಕಟ್ಟಿಸಿದ ದೊಡ್ಡ ಮನುಷ್ಯ, ಅಮೀರ್‌ನ ಅಪ್ಪ, ಇಲ್ಲಿ ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡುತ್ತಾನೆ. ಅಂಗಡಿಯವನು ಚೆಕ್ ತಗೊಂಡು ಗುರುತಿನ ಚೀಟಿ ಕೇಳಿದ್ದಕ್ಕೆ ಗಲಾಟೆ ಎಬ್ಬಿಸುತ್ತಾನೆ. ‘ನನ್ನ ಮುಖ ಸಾಲದಾ’ ಅನ್ನುವ ಸಿಟ್ಟು. ಅಮೀರ್‌ನ ಮಾವ ಒಬ್ಬ ಜನರಲ್. ಸರ್ಕಾರದ ನೆರವಿನ ದುಡ್ಡಲ್ಲಿ ಬದುಕುತ್ತಾ, ಇವತ್ತೋ ನಾಳೆಯೋ ಕಾಬೂಲಿನಿಂದ ಕರೆ ಬರುತ್ತದೆ ಅಂತ ಸೂಟು ಹಾಕಿಕೊಂಡು ಕಾಯುತ್ತಾನೆ.

ಇದನ್ನು ಓದುವವರೆಗೆ ನಾವೂ ಪರದೇಶಿಗಳು, ನಮಗೂ ಊರಿನ ನೆನಪು ಅಂತ ಆಗಾಗ ಹಾಡು ಹಾಡಿಕೊಳ್ಳುತ್ತಿದ್ದೆ. ಈಗ ನಾಚಿಕೆ ಆಗುತ್ತದೆ. ನಾವು ವರ್ಷಕ್ಕೊಮ್ಮೆ ಹೋಗಿ ಎರಡು ಸೂಟ್‌ಕೇಸ್ ಹಪ್ಪಳ ಸಂಡಿಗೆ ತುಂಬಿಕೊಂಡು ಬರುವವರು. ಅವರು ಬಾಗಿಲು ಹಾಕಿಸಿಕೊಂಡವರು. ಎರಡೂ ಒಂದೇ ಅಲ್ಲ.

ಕುಶಾಲನಗರದ ಕಡೆಯವಳು:
@ಸಾಗರದಾಚೆ, ನಿಮ್ಮ ಮಾತು ಓದಿ ಬೈಲಕುಪ್ಪೆ ನೆನಪಾಯಿತು. 1960ರ ದಶಕದ ಆರಂಭದಲ್ಲಿ ಟಿಬೆಟ್‌ನಿಂದ ಬಂದವರು ಕಾಡು ಕಡಿದು ಕಟ್ಟಿದ ಊರು. ಅಲ್ಲೇ ಹುಟ್ಟಿದ ನನ್ನ ಗೆಳತಿ ನನಗಿಂತ ಚೆನ್ನಾಗಿ ಕನ್ನಡ ಮಾತಾಡುತ್ತಾಳೆ. ‘ನಿಮ್ಮ ಊರು ಯಾವುದು’ ಅಂದರೆ ಎರಡು ಕ್ಷಣ ಸುಮ್ಮನಾಗುತ್ತಾಳೆ. ಅಮೀರ್‌ಗಾದರೂ ವಾಪಸ್ ಹೋಗಿ ನೋಡಿ ಬರಲು ಒಂದು ಮನೆ ಇತ್ತು. ನೆನಪು ಕೂಡ ಅಪ್ಪ ಅಮ್ಮನಿಂದ ಕಡ ತಂದದ್ದಾದರೆ ಏನು ಮಾಡುವುದು?

ನಿರ್ವಾಹಕ:
ಸಿನಿಮಾದ ಕಳ್ಳಪ್ರತಿಯ ಲಿಂಕ್ ಕೇಳಿದ, ಕೊಟ್ಟ ಎರಡೂ ಸಂದೇಶ ತೆಗೆದಿದ್ದೇನೆ. ಚರ್ಚೆ ಮುಂದುವರಿಯಲಿ.

ಹಳೇಪುಸ್ತಕ:
ಸಿನಿಮಾದ ಮಾತು ಬಂದಿದ್ದಕ್ಕೆ ಒಂದು ಸಂಗತಿ. 2007ರ ಆ ಚಿತ್ರವನ್ನು ಹೆಚ್ಚಾಗಿ ತೆಗೆದದ್ದು ಚೀನಾದ ಕಾಶ್ಗರ್‌ನಲ್ಲಿ. ಹುಡುಗರು ಮಾತ್ರ ಕಾಬೂಲಿನವರು. ಓಣಿಯ ದೃಶ್ಯದಿಂದ ಊರಲ್ಲಿ ತಮಗೆ ತೊಂದರೆ ಆಗುತ್ತದೆ ಅಂತ ಮನೆಯವರು ಹೆದರಿದರು. ಬಿಡುಗಡೆಯನ್ನು ಕೆಲವು ವಾರ ಮುಂದೂಡಿ, ಹುಡುಗರನ್ನು ಮೊದಲು ಯುಎಇಗೆ ಸಾಗಿಸಿದರು. ಆಮೇಲೆ ಆಫ್ಘಾನಿಸ್ತಾನದ ಸರ್ಕಾರ ಚಿತ್ರವನ್ನೇ ನಿಷೇಧಿಸಿತು. ದೇಶ ಬಿಟ್ಟವರ ಕಥೆಯಲ್ಲಿ ನಟಿಸಿದ ತಪ್ಪಿಗೆ ಆ ಮಕ್ಕಳೇ ದೇಶ ಬಿಡಬೇಕಾಯಿತು.

ಜೋಳಿಗೆ:
ಎಲ್ಲರ ಮಾತೂ ಓದಿದೆ. ನಾನು ಈ ಪುಸ್ತಕವನ್ನು ಅಮೀರ್ ಕಡೆಯಿಂದ ಓದಲಾರೆ. ಯಾಕೆ ಅಂತ ಹೇಳುತ್ತೇನೆ.

ನಮ್ಮಜ್ಜ ಜೀತಕ್ಕಿದ್ದವನು. ಅವರಪ್ಪ ಮದುವೆಗೆ ಮಾಡಿದ ಸಾಲಕ್ಕೆ ಎಂಟನೇ ವಯಸ್ಸಿಗೆ ಇವನನ್ನು ಗೌಡರ ಮನೆಗೆ ಬಿಟ್ಟರು. ಮಲಗುವುದು ಕೊಟ್ಟಿಗೆಯಲ್ಲಿ, ಊಟ ಹಿತ್ತಲ ಬಾಗಿಲಲ್ಲಿ. ಗೌಡರ ಮಗನಿಗೂ ಅಜ್ಜನಿಗೂ ಒಂದೇ ವಯಸ್ಸು. ಗೋಲಿ ಆಡುವಾಗ ಗೆಳೆಯ, ಊಟದ ಹೊತ್ತಿಗೆ ಆಳು. ಜೀತವನ್ನು ರದ್ದು ಮಾಡಿದ ಕಾನೂನು ಬಂದಿದ್ದು 1976ರಲ್ಲಿ. ಅಂದರೆ ಹಸನ್ ಆ ನೀಲಿ ಪಟದ ಹಿಂದೆ ಓಡಿದ ಚಳಿಗಾಲದ ಹೊತ್ತಿಗೇ. ಅಷ್ಟರಲ್ಲಿ ಅಜ್ಜನ ಅರ್ಧ ಆಯಸ್ಸು ಮುಗಿದಿತ್ತು.

ಹಸನ್ ತುಂಬಾ ಒಳ್ಳೆಯವನು ಅಂತ ಎಲ್ಲರೂ ಅಳುತ್ತಾರೆ. ನನಗೆ ಅವನ ಒಳ್ಳೆಯತನದ ಮೇಲೇ ಅನುಮಾನ. ಒಂದು ಸಲವೂ ಅವನಿಗೆ ಸಿಟ್ಟು ಬರುವುದಿಲ್ಲ. ಅಮೀರ್ ದಾಳಿಂಬೆ ಹಣ್ಣು ತಗೊಂಡು ಹೊಡೆದು, ‘ನೀನೂ ಹೊಡಿ’ ಅಂದರೆ, ಇವನು ಹಣ್ಣನ್ನು ತನ್ನ ಹಣೆಗೇ ಜಜ್ಜಿಕೊಳ್ಳುತ್ತಾನೆ. ಸತ್ತಿದ್ದೂ ಹೇಗೆ? ದೊಡ್ಡವನಾದ ಮೇಲೆ ವಾಪಸ್ ಬಂದು ಒಡೆಯನ ಮನೆ ಕಾಯುತ್ತಾ, ತಾಲಿಬಾನ್ ಗುಂಡಿಗೆ. ಆಳಿನ ಮಗ ಹೀಗಿದ್ದರೆ ಚೆನ್ನ ಅಂತ ಒಡೆಯನ ಮಗ ಕಾಣುವ ಕನಸು ಇದು. ಅಜ್ಜನಿಗೆ ಸಿಟ್ಟು ಬರುತ್ತಿತ್ತು. ತೋರಿಸಲು ಜಾಗ ಇರಲಿಲ್ಲ ಅಷ್ಟೇ.

ಇನ್ನೊಂದು. ಹಸನ್‌ನ ಮಗ ಸೊಹ್ರಾಬ್‌ನನ್ನು ಕರೆತಾ ಅಂದಾಗ ಅಮೀರ್ ಮೊದಲು ಆಗುವುದಿಲ್ಲ ಅನ್ನುತ್ತಾನೆ. ಹಸನ್ ನಿನ್ನಪ್ಪನಿಗೇ ಹುಟ್ಟಿದವನು, ನಿನ್ನ ತಮ್ಮ ಅಂತ ಗೊತ್ತಾದ ಮೇಲೆ ಹೊರಡುತ್ತಾನೆ. ರಕ್ತಸಂಬಂಧ ಇಲ್ಲದೇ ಹೋಗಿದ್ದರೆ? ಆಳಿನ ಮೊಮ್ಮಗನಾಗಿದ್ದರೆ ಆ ಹುಡುಗ ಅಲ್ಲೇ ಇರುತ್ತಿದ್ದ.

ಕಾಫಿಪುಡಿ:
ಅಬ್ಬಾ. ಈ ಕೊನೆಯ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ಬಾಲಂಗೋಚಿ:
@ಜೋಳಿಗೆ, ಒಪ್ಪುತ್ತೇನೆ. ಆದರೆ ಹಸನ್ ಹೀಗೆ ಕಾಣುವುದು ಕಥೆ ಹೇಳುತ್ತಿರುವವನು ಅಮೀರ್ ಆದ್ದರಿಂದ ಅಲ್ವಾ? ಅವನಿಗೆ ಹಸನ್ ಒಳಗೆ ಏನಿತ್ತು ಅಂತ ಗೊತ್ತೇ ಇಲ್ಲ. ಕೇಳಿಯೂ ಇಲ್ಲ. ಹುಟ್ಟುಹಬ್ಬಕ್ಕೆ ಅಮೀರ್‌ನ ಅಪ್ಪ ಹಸನ್‌ನ ಸೀಳುತುಟಿಗೆ ಆಪರೇಷನ್ ಮಾಡಿಸುತ್ತಾನೆ. ಮುಂದಿನ ಚಳಿಗಾಲಕ್ಕೆ ಗಾಯ ಮಾಯ್ದು ಮುಖ ನೆಟ್ಟಗಾಗುತ್ತದೆ, ಅದೇ ಚಳಿಗಾಲದಲ್ಲಿ ಅವನ ನಗು ನಿಂತುಹೋಗುತ್ತದೆ. ಅಮೀರ್ ಇಷ್ಟನ್ನು ಹೊರಗಿನಿಂದ ನೋಡಬಲ್ಲ. ಒಳಗಿನದ್ದು ಅವನ ಕೈಗೆ ಸಿಗುವುದಿಲ್ಲ.

ಮತ್ತೆ, ನಾನು ಎಲ್ಲಿ ಸ್ವಲ್ಪ ಕರಗಿದೆ ಹೇಳುತ್ತೇನೆ. ಓಣಿಯಲ್ಲಿ ಹಸನ್‌ನನ್ನು ಅಡ್ಡಗಟ್ಟಿದ ಅಸೆಫ್ ಜೊತೆಗಿನ ಹೊಡೆದಾಟದಲ್ಲಿ ಅಲ್ಲ. ಚಿಕ್ಕಂದಿನ ಪುಂಡನೇ ತಾಲಿಬಾನ್ ನಾಯಕನಾಗಿ ಸಿಗುವುದು, ಅಮೀರ್‌ನ ತುಟಿಯೂ ಹಸನ್‌ನ ತುಟಿಯ ಹಾಗೇ ಸೀಳುವುದು, ಇದೆಲ್ಲ ಸಿನಿಮಾ ಆಯಿತು. ಅದಕ್ಕೆ ಮೊದಲು ಒಂದು ಸಣ್ಣ ಘಟನೆ ಇದೆ. ಗಡಿ ದಾಟಿದ ಮೇಲೆ ಡ್ರೈವರ್‌ನ ಅಣ್ಣನ ಮನೆಯಲ್ಲಿ ಅಮೀರ್ ರಾತ್ರಿ ಉಳಿಯುತ್ತಾನೆ. ಊಟಕ್ಕೆ ಕೂತಾಗ ಮಕ್ಕಳು ಅವನ ಕೈಯನ್ನೇ ನೋಡುತ್ತಿರುತ್ತಾರೆ. ಗಡಿಯಾರ ಬೇಕೇನೋ ಅಂತ ಬಿಚ್ಚಿ ಕೊಡುತ್ತಾನೆ. ಮಕ್ಕಳು ಸ್ವಲ್ಪ ಹೊತ್ತು ಆಡಿ ಬಿಟ್ಟುಬಿಡುತ್ತಾರೆ. ಆಮೇಲೆ ಗೊತ್ತಾಗುತ್ತದೆ, ಅವರು ನೋಡುತ್ತಿದ್ದದ್ದು ಗಡಿಯಾರವನ್ನಲ್ಲ, ಅನ್ನವನ್ನು. ಮನೆಯಲ್ಲಿದ್ದ ಊಟವನ್ನೆಲ್ಲ ಅತಿಥಿಗೆ ಬಡಿಸಿದ್ದರು. ಬೆಳಿಗ್ಗೆ ಹೊರಡುವಾಗ ಅಮೀರ್ ಯಾರಿಗೂ ಕಾಣದ ಹಾಗೆ ಹಾಸಿಗೆ ಕೆಳಗೆ ದುಡ್ಡು ಇಟ್ಟು ಬರುತ್ತಾನೆ.

ಮತ್ತೆ ಗಡಿಯಾರ, ಮತ್ತೆ ಹಾಸಿಗೆ, ಮತ್ತೆ ದುಡ್ಡು. ಇದನ್ನು ಮೊದಲ ಸಲ ಓದಿದಾಗ ನಾನು ಗಮನಿಸಿಯೇ ಇರಲಿಲ್ಲ. ಬಹುಶಃ ನನ್ನ ಪ್ರತಿಯಲ್ಲಿ ಇಲ್ಲದ ಪುಟಗಳೇ ಇವು!

ಗಂಗೋತ್ರಿ ಹಾಸ್ಟೆಲ್:
ಮೈಸೂರಿನಲ್ಲಿ ಎಂಎ ಓದುವಾಗ ನಮ್ಮ ಜೊತೆ ಆಫ್ಘನ್ ಹುಡುಗರಿದ್ದರು. ಈ ಪುಸ್ತಕ ಓದಿದ ಹುಮ್ಮಸ್ಸಿನಲ್ಲಿ ಒಬ್ಬನಿಗೆ ಗಾಳಿಪಟದ ಬಗ್ಗೆ ಕೇಳಿದೆ. ಅವನು ಹೇಳಿದ್ದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ‘ಗಾಳಿಪಟ ಬಿಟ್ಟರೆ ನಮ್ಮ ಬಗ್ಗೆ ನಿಮಗೆ ಬೇರೇನೂ ಗೊತ್ತಿಲ್ವಾ?’ ಅವನು ಪಶ್ತೂನ್. ನಮ್ಮವರನ್ನು ಪುಂಡರ ಹಾಗೆ ತೋರಿಸಿದ್ದಾನೆ, ಅಮೆರಿಕದವರಿಗೆ ಇಷ್ಟವಾಗಲಿ ಅಂತ ಬರೆದಿದ್ದಾನೆ ಅಂತ ಅವನ ಕೋಪ. ಅವನ ರೂಂಮೇಟ್ ಇನ್ನೊಬ್ಬ ಆಫ್ಘನ್, ಅವನು ಏನೂ ಹೇಳದೆ ಟೀ ಕುಡಿಯುತ್ತಿದ್ದ. ಯಾವ ಪಂಗಡ ಅಂತ ನಾನು ಕೇಳಲಿಲ್ಲ. 2021ರ ಆಗಸ್ಟಿನಲ್ಲಿ ಕಾಬೂಲ್ ಮತ್ತೆ ತಾಲಿಬಾನ್ ಕೈಗೆ ಹೋದಾಗ ಇಬ್ಬರೂ ಒಂದೇ ಫೋನ್ ಹಿಡಿದುಕೊಂಡು ರಾತ್ರಿಯಿಡೀ ಕೂತಿದ್ದರು.

ಹಳೇಪುಸ್ತಕ:
‘ಅಮೆರಿಕದವರಿಗೆ ಬರೆದಿದ್ದಾನೆ’ ಅನ್ನುವ ದೂರು ಹಳೆಯದು, ಪೂರ್ತಿ ಸುಳ್ಳೂ ಅಲ್ಲ. ಆದರೆ ಲೇಖಕರ ಕಥೆ ನೋಡಿ. 1965ರಲ್ಲಿ ಕಾಬೂಲಿನಲ್ಲಿ ಹುಟ್ಟಿದವರು. ತಂದೆ ರಾಜತಾಂತ್ರಿಕರು, 1976ರಲ್ಲಿ ಪ್ಯಾರಿಸ್‌ಗೆ ಹೋದವರು ಮತ್ತೆ ವಾಪಸ್ ಹೋಗಲಾಗದೆ 1980ರಲ್ಲಿ ಅಮೆರಿಕ ಸೇರಿದರು. ಮಗ ಡಾಕ್ಟರಾದರು, ಆಸ್ಪತ್ರೆಗೆ ಹೋಗುವ ಮುಂಚೆ ನಸುಕಿನಲ್ಲಿ ಎದ್ದು ಈ ಕಾದಂಬರಿ ಬರೆದರು. ತಾಲಿಬಾನ್ ಗಾಳಿಪಟ ನಿಷೇಧಿಸಿದ ಸುದ್ದಿ ಕೇಳಿ ಬರೆದ ಒಂದು ಸಣ್ಣಕಥೆ ಇದಕ್ಕೆ ಬೀಜ. ಪುಸ್ತಕ ಅಚ್ಚಾಗಿದ್ದು 2003ರಲ್ಲಿ. ಅದೇ ವರ್ಷದ ಮಾರ್ಚ್‌ನಲ್ಲಿ, 27 ವರ್ಷದ ಮೇಲೆ, ಅವರು ಕಾಬೂಲಿಗೆ ಹೋಗಿಬಂದರು. ಅಂದರೆ ಅಮೀರ್‌ನನ್ನು ಮೊದಲು ಕಳಿಸಿ, ಆಮೇಲೆ ತಾವು ಹೋದರು!

ಇನ್ನೊಂದು ವಿಷಯ ಹೇಳಲೇಬೇಕು. ಹುಡುಗನಾಗಿದ್ದಾಗ ತಮ್ಮ ಮನೆಯಲ್ಲಿದ್ದ ಹಜಾರಾ ಅಡುಗೆಯವರಿಗೆ ಹುಸೇನಿ ಓದು ಬರಹ ಕಲಿಸಿದ್ದರು. ಕಾದಂಬರಿಯಲ್ಲಿ ತಿರುವುಮುರುವು. ಹಸನ್‌ಗೆ ಓದಲು ಬರುವುದಿಲ್ಲ ಅನ್ನುವುದೇ ಅಮೀರ್‌ಗೆ ಖುಷಿ. ಪರ್ಶಿಯನ್ ಮಹಾಕಾವ್ಯ ಶಾಹ್ನಾಮೆಯ ರುಸ್ತುಂ-ಸೊಹ್ರಾಬ್ ಕಥೆ ಓದಿ ಹೇಳುವಾಗ ಸುಳ್ಳು ಸೇರಿಸಿ ಮಜಾ ತಗೊಳ್ಳುತ್ತಾನೆ. ಹಸನ್ ದೊಡ್ಡವನಾದ ಮೇಲೆ ತಾನೇ ಅಕ್ಷರ ಕಲಿತು ಅಮೀರ್‌ಗೆ ಕಾಗದ ಬರೆಯುತ್ತಾನೆ. ಅದು ಕೈಗೆ ಬರುವ ಹೊತ್ತಿಗೆ ಬರೆದವನು ಇಲ್ಲ. @ಜೋಳಿಗೆ, ಹಸನ್ ತನ್ನ ಸ್ವಂತ ದನಿಯಲ್ಲಿ ಮಾತಾಡುವ ಜಾಗ ಇದೊಂದೇ.

ಜೋಳಿಗೆ:
ಹೌದು ಸರ್, ಕಾಗದ ಚೆನ್ನಾಗಿದೆ. ಅದರಲ್ಲೂ ಅವನು ‘ಅಮೀರ್ ಆಗಾ’ ಅಂತಲೇ ಬರೆಯುತ್ತಾನೆ ನೋಡಿ. ನಮ್ಮಜ್ಜ ‘ಬುದ್ಧೀ’ ಅನ್ನುತ್ತಿದ್ದ ಹಾಗೆ.

ಆ ಗೌಡರ ಮಗ ರಿಟೈರಾದ ಮೇಲೆ ಒಂದು ದಿನ ಕಾರಿನಲ್ಲಿ ನಮ್ಮ ಮನೆಗೆ ಬಂದಿದ್ದರು. ಜಗಲಿ ಮೇಲೆ ಕೂತು, ಅಜ್ಜನ ಕೈ ಹಿಡಿದು, ಚಿಕ್ಕಂದಿನಲ್ಲಿ ತಪ್ಪು ಮಾಡಿದೆ ಅಂತ ಅತ್ತರು. ಅಜ್ಜ ‘ಆಯ್ತು ಬಿಡಿ ಬುದ್ಧೀ’ ಅಂದ. ಅವರು ಹಗುರಾಗಿ ಕಾರು ಹತ್ತಿದರು. ಅಜ್ಜ ಆ ರಾತ್ರಿ ಊಟ ಮಾಡಲಿಲ್ಲ. ಯಾಕೆ ಅಂತ ಕೇಳಿದರೆ ಬೈದ.

ಕುಶಾಲನಗರದ ಕಡೆಯವಳು:
ಅಣ್ಣ, ಇದನ್ನು ಓದಿ ಎರಡು ನಿಮಿಷ ಫೋನ್ ಕೆಳಗಿಟ್ಟೆ.

ಡ್ರೈವರ್ ಫರೀದ್ ಅಮೀರ್‌ಗೆ ಹೇಳುವ ಮಾತೊಂದಿದೆಯಲ್ಲ, ನೀನು ಮೊದಲಿಂದಲೂ ಇಲ್ಲಿ ಪ್ರವಾಸಿಯೇ ಆಗಿದ್ದೆ ಅನ್ನುವ ಅರ್ಥದ್ದು. ಧೂಳು ತುಂಬಿದ ರಸ್ತೆ, ಹುಲ್ಲಿನ ಮೂಟೆ ಹೊತ್ತ ಮುದುಕನನ್ನು ತೋರಿಸಿ, ಇದೇ ನಿಜವಾದ ದೇಶ ಅನ್ನುತ್ತಾನೆ. ನನಗೆ ಇಡೀ ಪುಸ್ತಕದಲ್ಲಿ ತಾಗಿದ್ದು ಅದು. ದೇಶ ಬಿಡುವ ಮೊದಲೇ ಅವನು ಆ ದೇಶದಲ್ಲಿರಲಿಲ್ಲ. ಗೋಡೆಯೊಳಗೆ ಇದ್ದ.

ಪತಂಗಪ್ಪ ಕಲಬುರಗಿ:
ಕೊನೆಯ ಅಧ್ಯಾಯ ಯಾರೂ ಎತ್ತಲಿಲ್ಲ. ಫ್ರೀಮಾಂಟ್‌ನ ಪಾರ್ಕಿನಲ್ಲಿ ಅಮೀರ್ ಪತಂಗ ಹಾರಿಸುತ್ತಾನೆ. ತಿಂಗಳುಗಟ್ಟಲೆ ಬಾಯಿ ಬಿಡದ ಸೊಹ್ರಾಬ್ ಬಂದು ದಾರ ಹಿಡಿಯುತ್ತಾನೆ. ಆಮೇಲೆ ಅಮೀರ್‌ನೇ ಚರಕ ಹಿಡಿಯುತ್ತಾನೆ, ಹುಡುಗ ಹಾರಿಸುತ್ತಾನೆ. ಪಟ ಕತ್ತರಿಸಿ ಬಿದ್ದಾಗ ಓಡುವುದೂ ಅಮೀರ್‌ನೇ. ಬರೇ ಒಂದು ಓಟ, ಗೊತ್ತು. ಆದರೆ ಚರಕ ಹಿಡಿದು ಬೆಳೆದ ನನ್ನಂಥವನಿಗೆ ಅಷ್ಟು ಸಾಕು.

ಜೋಳಿಗೆ:
ಪತಂಗಪ್ಪ ಅಣ್ಣ, ನಿಮ್ಮ ಈ ಒಂದು ಮಾತಿಗೆ ನಾನು ಸೋತೆ. ಅದನ್ನು ಇನ್ನೊಮ್ಮೆ ಓದುತ್ತೇನೆ.

ಬಾಲಂಗೋಚಿ:
ಎರಡು ದಿನ ಇಲ್ಲಿ ಬರೆಯಲಿಲ್ಲ. ಒಂದು ವಿಷಯ ಹೇಳಲೋ ಬೇಡವೋ ಅಂತ ಯೋಚಿಸುತ್ತಿದ್ದೆ. ನಮ್ಮ ಮನೆಯಲ್ಲೂ ಒಬ್ಬ ಹುಡುಗ ಇದ್ದ. ದನ ನೋಡಿಕೊಳ್ಳುತ್ತಿದ್ದ, ನನಗಿಂತ ಒಂದೆರಡು ವರ್ಷ ದೊಡ್ಡವನು. ನನ್ನ ಪಟಕ್ಕೆ ಸೂತ್ರ ಕಟ್ಟಿಕೊಡುತ್ತಿದ್ದದ್ದು ಅವನೇ. ನನಗೆ ಇವತ್ತಿಗೂ ಕಟ್ಟಲು ಬರುವುದಿಲ್ಲ. ಒಂದು ಸಲ ಅಪ್ಪನ ಟಾರ್ಚು ನನ್ನ ಕೈಯಿಂದ ಬಾವಿಗೆ ಬಿತ್ತು. ಅವನಿಗೆ ಏಟು ಬಿತ್ತು. ನಾನು ಊಟದ ಮನೆಯಲ್ಲಿ ಕೂತು ಕೇಳಿಸಿಕೊಂಡೆ. ಇಷ್ಟೇ, ದೊಡ್ಡ ಕಥೆಯೇನಲ್ಲ. ಅವನು ಆ ವರ್ಷವೇ ಹೋದ.

ಜೋಳಿಗೆ:
ಅವನ ಹೆಸರೇನು ಸರ್?

ಬಾಲಂಗೋಚಿ:
ಇಲ್ಲಿ ಹಾಕುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ನನಗೆ ಗೊತ್ತಿರುವುದು ನಾವು ಕರೆಯುತ್ತಿದ್ದ ಹೆಸರು ಮಾತ್ರ. ನಿನ್ನೆ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಅವರಿಗೂ ಅಷ್ಟೇ ಗೊತ್ತು. ‘ಪಕ್ಕದ ತಾಲೂಕಿನಲ್ಲಿ ಆಟೋ ಇಟ್ಟಿದ್ದಾನಂತೆ, ಮಗಳು ನರ್ಸಂತೆ, ಯಾಕೋ?’ ಅಂದರು. ಸುಮ್ನೆ ಅಂದೆ. ಮುಂದಿನ ಭಾನುವಾರ ಊರಿಗೆ ಹೋಗುತ್ತಿದ್ದೇನೆ. ಅವನನ್ನು ಹುಡುಕಿಕೊಂಡು ಹೋಗಲಾ?

ಜೋಳಿಗೆ:
ನನ್ನನ್ನು ಕೇಳಿದರೆ ಬೇಡ ಸರ್. ಹೋದರೆ ‘ಆಯ್ತು ಬಿಡಿ’ ಅನ್ನುತ್ತಾನೆ. ನಿಮಗೆ ಹಗುರಾಗುತ್ತದೆ. ಅವನ ಭಾನುವಾರ ಯಾಕೆ ಹಾಳು ಮಾಡುತ್ತೀರಿ?

ಪತಂಗಪ್ಪ ಕಲಬುರಗಿ:
ನಾನು ಹೋಗಿ ಅನ್ನುತ್ತೇನೆ. ಆದರೆ ಟಾರ್ಚಿನ ಮಾತು ಎತ್ತಬೇಡಿ. ಆಟೋ ಹತ್ತಿ, ಬಾಡಿಗೆ ಕೊಡಿ, ಸೂತ್ರ ಕಟ್ಟುವುದು ಹೇಗೆ ಅಂತ ಕೇಳಿ.

ಬಾಲಂಗೋಚಿ:
ಭಾನುವಾರ ಇನ್ನೂ ನಾಲ್ಕು ದಿನ ಇದೆ.